ಕೊಬ್ಬರಿ ಮಂಡಿಯಲ್ಲಿ ಮಲ್ಹಾರ್

೧೯೨೩ನೇ ಇಸವಿಯಲ್ಲಿ ನಾನು ಒಂದು ಗ್ರಾಮಫೋನ್ ಕಂಪನಿಗೆ ಕಡೂರು ಜಿಲ್ಲೆಯ ಏಜೆಂಟನಾಗಿದ್ದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಹುಟ್ಟಿದ್ದು ಯಗಟಿಯ ಒಕ್ಕಲು ಮನೆತನದಲ್ಲಿ. ಲೋಯರ್ ಸೆಕೆಂಡರಿ ಪಾಸು ಮಾಡಿದ ಮೇಲೆ ನೇಗಿಲು ಹಿಡಿಯಲು ಮೈ ಬಗ್ಗದೆ ಈ ಕೆಲಸಕ್ಕೆ ಸೇರಿದ್ದೆ. ಕಡೂರಿನಲ್ಲಿ ಒಂದು ಬಾಡಿಗೆ ಕೊಠಡಿ, ಒಂದು ಸೈಕಲ್ಲು, ಕೀಲಿ ಕೊಟ್ಟರೆ ತಿರುಗುವ ಒಂದು ಮಾದರಿ ಯಂತ್ರ, ಇಷ್ಟು ನನ್ನ ಸಂಸಾರ. ಕಡೂರು, ತರೀಕೆರೆ, ಅಜ್ಜಂಪುರ ಎಂದು ತಿಂಗಳೆಲ್ಲ ಸುತ್ತುತ್ತಿದ್ದೆ. ಯಂತ್ರ ಮಾರುವುದಲ್ಲದೆ ಇನ್ನೊಂದು ಕೆಲಸವೂ ನನ್ನ ಮೇಲಿತ್ತು. ಒಳ್ಳೆಯ ಗಂಟಲು ಎಲ್ಲಿದೆಯೆಂದು ಪತ್ತೆ ಹಚ್ಚಿ ಕಂಪನಿಗೆ ಕಾಗದ ಬರೆಯಬೇಕು. ಮೂರು ವರ್ಷದಲ್ಲಿ ಹದಿನಾರು ಹೆಸರು ಕಳಿಸಿದ್ದೆ, ಒಂದಕ್ಕೂ ಜವಾಬು ಬಂದಿರಲಿಲ್ಲ. ಆದರೂ ಬಿಡುವ ಪೈಕಿ ನಾನಲ್ಲ. ನಮ್ಮಣ್ಣ ನನ್ನನ್ನು ಉಡ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಈಗಿನ ಓದುಗರಿಗೆ ಆ ಕಾಲದ ರೆಕಾರ್ಡಿಂಗ್ ಹೇಗಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಆಗ ಮೈಕು ಇರಲಿಲ್ಲ. ಹಾಡುವವರು ಒಂದು ದೊಡ್ಡ ತಗಡಿನ ಹಾರ್ನಿನ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಹಾರ್ನಿನ ಸಣ್ಣ ತುದಿಯಲ್ಲಿ ಒಂದು ತೆಳು ಬಿಲ್ಲೆ, ಬಿಲ್ಲೆಗೆ ಅಂಟಿದ ಒಂದು ಸೂಜಿ, ಸೂಜಿಯ ಕೆಳಗೆ ತಿರುಗುವ ದಪ್ಪ ಮೇಣದ ತಟ್ಟೆ. ದನಿಗೆ ತಕ್ಕಂತೆ ಸೂಜಿ ಅದುರಿ ಮೇಣದಲ್ಲಿ ಗೆರೆ ಕೊರೆಯುತ್ತದೆ. ಒಂದು ತಟ್ಟೆಗೆ ಮೂರೂವರೆ ನಿಮಿಷ. ತಪ್ಪಿದರೆ ಆ ತಟ್ಟೆ ಹೋದಂತೆಯೇ. ಸರಿಯಾಗಿದೆಯೇ ಎಂದು ಹಾಕಿ ಕೇಳುವಂತೆಯೂ ಇರಲಿಲ್ಲ. ಕೇಳಿದರೆ ಗೆರೆ ಸವೆದು ಕೆಡುತ್ತಿತ್ತು. ಕಲ್ಕತ್ತೆಗೆ ಹೋಗಿ ಅಚ್ಚಾಗಿ ಬರುವವರೆಗೆ, ಹೆಚ್ಚುಕಡಿಮೆ ಆರು ತಿಂಗಳು, ಹಾಡಿದವರಿಗೇ ತಾವು ಏನು ಹಾಡಿದೆವೆಂದು ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಮಾತು. ಹಾರ್ನಿಗೆ ಹಾಡು ಯಾವುದು, ಕೆಮ್ಮು ಯಾವುದು ಎಂಬ ವಿವೇಕ ಇಲ್ಲ. ಕೋಣೆಯಲ್ಲಿ ಏನು ಸದ್ದಾದರೂ ಅದು ಮೇಣಕ್ಕೆ ಹೋಗಿ ಕೂರುತ್ತದೆ.

ನನ್ನ ಹದಿನೇಳನೆಯ ಹೆಸರು ಚಂದ್ರಾಬಾಯಿಯವರದು. ಧಾರವಾಡದ ಕಡೆಯವರು. ಒಂದು ನಾಟಕ ಕಂಪನಿಯ ಜೊತೆ ಹಾಡುಗಾರ್ತಿಯಾಗಿ ತರೀಕೆರೆಗೆ ಬಂದು, ಕಂಪನಿ ಅಲ್ಲೇ ಮುರಿದು ಹೋದ ಮೇಲೆ ಸ್ಟೇಷನ್ ದಾರಿಯ ಒಂದು ತಗಡಿನ ಮಾಡಿನ ಮನೆಯಲ್ಲಿ ನಿಂತುಬಿಟ್ಟಿದ್ದರು. ನಾನು ಕಂಡಾಗ ಅವರಿಗೆ ಐವತ್ತೆಂಟು. ಮಿರಜಿನ ಕಡೆಯ ಒಬ್ಬ ಖಾನ್‌ಸಾಹೇಬರ ಬಳಿ ಹನ್ನೆರಡು ವರ್ಷ ಕಲಿತಿದ್ದರು. ಆ ಗುರು ಮಿಯಾಂ ಮಲ್ಹಾರ್ ರಾಗದಲ್ಲಿ ತಾವೇ ಕಟ್ಟಿದ ಒಂದು ಚೀಜನ್ನು, ಎಂದರೆ ಒಂದು ಹಾಡಿನ ರಚನೆಯನ್ನು, ಇವರೊಬ್ಬರಿಗೇ ಕೊಟ್ಟು ತೀರಿಕೊಂಡಿದ್ದರು. ಬಾಯಿಯವರು ಅದನ್ನು ತಮ್ಮ ಒಬ್ಬಳೇ ಮಗಳಿಗೆ ಕಲಿಸುತ್ತಿದ್ದರು. ೧೯೧೮ರ ಇನ್‌ಫ್ಲುಯೆಂಜಾದಲ್ಲಿ ಮಗಳು ಹೋದಳು. ಈಗ ಆ ಚೀಜು ಇದ್ದದ್ದು ಲೋಕದಲ್ಲಿ ಒಂದೇ ಗಂಟಲಲ್ಲಿ, ಆ ಗಂಟಲಿಗೆ ವರ್ಷ ಹೋದಂತೆಲ್ಲ ಕೆಮ್ಮು ಏರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅವರು ಒಮ್ಮೆ ಅದನ್ನು ನನ್ನೆದುರು ಹಾಡಿದ್ದರು. ನನಗೆ ಸಂಗೀತ ಶಾಸ್ತ್ರ ತಿಳಿಯದು. ಆದರೆ ಅವತ್ತು ಸೈಕಲ್ಲು ಹತ್ತಲು ಮರೆತು ಅದನ್ನು ತಳ್ಳಿಕೊಂಡೇ ಒಂದು ಮೈಲಿ ನಡೆದಿದ್ದೆ. ಇದು ಉಳಿಯಬೇಕು ಎಂದು ಆಗಲೇ ಹಟ ಹಿಡಿದೆ.

ಈ ಸಲ ಕಂಪನಿಯಿಂದ ಜವಾಬು ಬಂತು. ಜನವರಿಯಲ್ಲಿ ಬೆಂಗಳೂರಿಗೆ ರೆಕಾರ್ಡಿಂಗ್ ತಂಡ ಬರುತ್ತದೆ, ಗಾಯಕಿಯನ್ನು ಕರೆತರುವುದು ಎಂದು. ಕಾಗದ ಹಿಡಿದು ಕುಣಿಯುತ್ತಾ ತರೀಕೆರೆಗೆ ಹೋದೆ. ಬಾಯಿಯವರು ಕೇಳಿ ಸಂತೋಷಪಟ್ಟರು, ಬಸಂತ್ ಹಾಡುತ್ತೇನೆ ಎಂದರು. ನನಗೆ ಬೇಕಾಗಿದ್ದುದು ಮಲ್ಹಾರ್.

ಉತ್ತರಾದಿ ಸಂಗೀತದಲ್ಲಿ ಕೆಲವು ರಾಗಗಳಿಗೆ ಋತುವಿನ ಕಟ್ಟು ಇದೆ. ಬಸಂತ್, ಬಹಾರ್ ವಸಂತಕ್ಕೆ. ಮಲ್ಹಾರದ ಮನೆತನವೆಲ್ಲ ಮಳೆಗಾಲಕ್ಕೆ. ಆ ಕಾಲದಲ್ಲಾದರೆ ಹಗಲು ರಾತ್ರಿ ಯಾವ ಹೊತ್ತಿಗೂ ಹಾಡಬಹುದು. ಎಷ್ಟೋ ಜನ ಹಾಡುಗಾರರು ಈ ಕಟ್ಟನ್ನು ಸಡಿಲ ಮಾಡಿಕೊಂಡಿದ್ದರು. ಬಾಯಿಯವರ ಗುರು ಮಾತ್ರ ತಂಬೂರಿ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರಂತೆ, ಆಕಾಶದಲ್ಲಿ ಮೋಡ ಕಾಣದೆ ಈ ಚೀಜಿಗೆ ಬಾಯಿ ಬಿಡಬಾರದು ಎಂದು. ನಾನು ಪ್ರಾಯದ ಕೊಬ್ಬಿನಲ್ಲಿ, ಮೂರೂವರೆ ನಿಮಿಷ ಹಾಡಿದರೆ ಯಾವ ಆಕಾಶ ಕಳಚಿ ಬೀಳುತ್ತದೆ ಎಂದು ಕೇಳಿದೆ.

"ಆಕಾಶ ಬೀಳೂದಿಲ್ಲ ರಂಗಪ್ಪನವರ," ಎಂದರು. "ನನ್ನ ದನಿ ಸುಳ್ಳಾಗತದ."

ಮಲ್ಹಾರಕ್ಕೆ ಅವರು ಒಪ್ಪಲಿಲ್ಲ, ಬಸಂತಕ್ಕೆ ನಾನು ಒಪ್ಪಲಿಲ್ಲ. ಬೆಂಗಳೂರಿಗೆ ನಾನೊಬ್ಬನೇ ಹೋಗಿ ಬೈಸಿಕೊಂಡು ಬಂದೆ.

ರೆಕಾರ್ಡಿಂಗ್ ತಂಡಗಳು ಮಳೆಗಾಲದಲ್ಲಿ ಹೊರಡುತ್ತಿರಲಿಲ್ಲ. ಥಂಡಿಗೆ ಮೇಣ ಬಿರುಸಾಗಿ ಸೂಜಿ ಹಿಡಿಯುವುದಿಲ್ಲ, ದೀಪದ ಪೆಟ್ಟಿಗೆಯಲ್ಲಿಟ್ಟು ಕಾಯಿಸುತ್ತಲೇ ಇರಬೇಕು. ಆದರೂ ಫೆಬ್ರವರಿಯಿಂದ ಜೂನ್‌ವರೆಗೆ ಕಂಪನಿಗೆ ಒಂಬತ್ತು ಕಾಗದ ಬರೆದೆ. ಒಂಬತ್ತನೆಯದಕ್ಕೆ ಉತ್ತರ ಬಂತು. ಪುಣೆಯಿಂದ ಮದರಾಸಿಗೆ ಹೋಗುವ ಒಬ್ಬ ಎಂಜಿನಿಯರ್ ಸಾಹೇಬರು ಜುಲೈ ಕೊನೆಯಲ್ಲಿ ತರೀಕೆರೆಯಲ್ಲಿ ಎರಡು ದಿನ ಇಳಿಯುತ್ತಾರೆ, ಹತ್ತು ತಟ್ಟೆ ತರುತ್ತಾರೆ, ಕೆಲಸವಾಗದಿದ್ದರೆ ಮುಂದೆ ಈ ವಿಷಯದಲ್ಲಿ ಬರೆಯತಕ್ಕದ್ದಲ್ಲ. ನಾನು ಆ ಕಾಗದವನ್ನು ಬಾಯಿಯವರಿಗೆ ಓದಿ ಹೇಳಿದೆ. ಕೊನೆಯ ವಾಕ್ಯವನ್ನು ಓದಲಿಲ್ಲ.

ಸಾಹೇಬರು ಮಾತು ಕಡಿಮೆಯ ಮನುಷ್ಯ. ಹಾರ್ನು, ಮೇಣದ ಪೆಟ್ಟಿಗೆ, ಪರದೆ ಎಲ್ಲವನ್ನೂ ತಾವೇ ಹೊತ್ತು ಇಳಿಸಿಕೊಂಡರು. ತಬಲಕ್ಕೆ ಅಜ್ಜಂಪುರದಿಂದ ಇಮಾಮ್‌ಸಾಬ್ ಮಾಸ್ತರನ್ನು ಕರೆಸಿದ್ದೆ. ತಂಬೂರಿಯನ್ನು ಬಾಯಿಯವರೇ ಮೀಟಿಕೊಳ್ಳುತ್ತಿದ್ದರು. ತಾರಸ್ವರಕ್ಕೆ ಹೋದಾಗ ಹಾಡುವವರ ಭುಜ ಹಿಡಿದು ಹಿಂದಕ್ಕೆಳೆಯುವುದು ಆಗಿನ ರೂಢಿ, ಇಲ್ಲದಿದ್ದರೆ ಸೂಜಿ ಗೆರೆ ದಾಟುತ್ತದೆ. ಬಾಯಿಯವರು ಮೈ ಮುಟ್ಟಗೊಡಲಿಲ್ಲ. ಅರ್ಧ ಗಂಟೆ ಅಭ್ಯಾಸ ಮಾಡಿ ತಾವೇ ಎಲ್ಲೆಲ್ಲಿ ಹಿಂದೆ ಸರಿಯಬೇಕೆಂದು ಗೊತ್ತುಮಾಡಿಕೊಂಡರು. ಸಾಹೇಬರು ಮೊದಲ ಸಲ ನಕ್ಕರು.

ನಗು ಅಷ್ಟಕ್ಕೇ ಮುಗಿಯಿತು. ಮಲೆನಾಡಿನ ಮಗ್ಗುಲಲ್ಲಿರುವ ತರೀಕೆರೆಗೆ ಆಷಾಢದ ಮೋಡ ಬಂದರೆ ಸುಮ್ಮನೆ ಹೋಗುವುದಿಲ್ಲ. ಮೋಡ ಕಾಣದೆ ಬಾಯಿಯವರು ಹಾಡರು. ಮೋಡ ಕಂಡು ಹಾಡಲು ಕೂತರೆ ಎರಡನೆಯ ನಿಮಿಷಕ್ಕೆ ಮಳೆ ಬಂದು ತಗಡಿನ ಮೇಲೆ ಹುರುಳಿ ಸುರಿದಂತೆ ಸದ್ದು. ಮೇಣದ ತುಂಬ ಮಳೆಯೇ. ನಾಲ್ಕು ತಟ್ಟೆ ಹೀಗೆ ಹೋದವು. ಹಂಚಿನ ಮನೆಯೊಂದನ್ನು ಬೇಡಿ ತೆಗೆದುಕೊಂಡೆ. ಅಲ್ಲಿ ಮಾಡಿನ ಸದ್ದು ಕಡಿಮೆ, ಸೂರಿನ ನೀರಿನ ಸದ್ದು ಜಾಸ್ತಿ. ಮತ್ತೆರಡು ತಟ್ಟೆ ಹೋದವು. ರಾಗಕ್ಕೆ ಮಳೆ ಬೇಕು, ಯಂತ್ರಕ್ಕೆ ಮಳೆ ಆಗದು. ಇಷ್ಟು ಸರಳವಾದ ಸಂಗತಿ ಒಂಬತ್ತು ಕಾಗದ ಬರೆದ ಬುದ್ಧಿವಂತನ ತಲೆಗೆ ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎರಡನೆಯ ದಿನ ಸಂಜೆ ಸಾಹೇಬರು ಸಾಮಾನು ಕಟ್ಟತೊಡಗಿದರು. ಮರುದಿನ ಮಧ್ಯಾಹ್ನ ಅವರು ಬೆಂಗಳೂರಿನ ಗಾಡಿ ಹಿಡಿಯಲೇಬೇಕು. ಬಾಯಿಯವರು ಗೋಡೆಗೆ ಒರಗಿ ಕೂತು, ಹಣೆಯಲ್ಲಿ ಬರೆದಿಲ್ಲ ಬಿಡ್ರಿ ಎಂದರು. ಆ ಮಾತು ನನಗೆ ಚುಚ್ಚಿತು. ಅಂಗಳದಲ್ಲಿ ನಿಂತು ಆಕಾಶ ನೋಡಿದೆ. ಮೋಡಗಳು ಸಾಲು ಹಿಡಿದು ಮೂಡಲಿಗೆ ಹೋಗುತ್ತಿದ್ದವು. ಮೂಡಲಿಗೆ ಅಂದರೆ ನಮ್ಮ ಊರಿನ ಕಡೆಗೆ. ಆಗ ತಲೆಯಲ್ಲಿ ದೀಪ ಹತ್ತಿದಂತಾಯಿತು. ಯಗಟಿ, ಕಡೂರಿನವರಿಗೆ ಆಷಾಢದ ಮೋಡ ಎಂದರೆ ಬರೀ ಬೈಗುಳ. ದಿನವೆಲ್ಲ ಮೋಡ ಕವಿದಿರುತ್ತದೆ, ಗಾಳಿ ಬೀಸುತ್ತದೆ, ಹನಿ ಬೀಳುವುದಿಲ್ಲ. ಹುಟ್ಟಿದಾಗಿನಿಂದ ಶಾಪ ಹಾಕುತ್ತಾ ಬಂದ ಮೋಡ ಈಗ ನನ್ನ ಕೈ ಹಿಡಿಯಬಹುದಿತ್ತು.

ಬಾಯಿಯವರನ್ನು ಕೇಳಿದೆ, ಮಳೆ ಬೇಕೇ ಬೇಕೋ, ಮೋಡ ಸಾಕೋ ಎಂದು. ಗುರು ಹೇಳಿದ್ದು ಮೋಡ ಅಂತ ಮಾತ್ರ ಎಂದರು. ಸಾಹೇಬರಿಗೆ ಕಡೂರು ಹೇಗೂ ದಾರಿಯ ಮೇಲಿನ ಸ್ಟೇಷನ್ನು, ಬೀರೂರಿನಲ್ಲಿ ಗಾಡಿ ಬದಲಿಸಿದರೆ ಮುಂದಿನದೇ ಅದು ಎಂದು ಮನವರಿಕೆ ಮಾಡಿಕೊಟ್ಟೆ. ಅವರು ಕೈಗಡಿಯಾರ ನೋಡಿ, ಮೂರು ಗಂಟೆ ಕೊಡುತ್ತೇನೆ ಎಂದರು. ಅಂದು ಸಂಜೆಯೇ ಯಗಟಿಯಲ್ಲಿದ್ದ ಅಣ್ಣನಿಗೆ ಆಳು ಕಳಿಸಿದೆ, ಸಿಕ್ಕಷ್ಟು ಕಂಬಳಿ ಎತ್ತಿನ ಗಾಡಿಗೆ ಹಾಕಿಕೊಂಡು ಬೆಳಿಗ್ಗೆ ಕಡೂರಿಗೆ ಬಾ ಎಂದು.

ಕಡೂರಿನಲ್ಲಿ ನನಗೆ ಗೊತ್ತಿದ್ದ ಸಾಹುಕಾರರ ಒಂದು ಕೊಬ್ಬರಿ ಮಂಡಿ ಇತ್ತು. ಅದರ ಹಿಂದಿನ ಉಗ್ರಾಣ ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆ. ಎರಡು ಮೊಳ ದಪ್ಪದ ಗೋಡೆ, ಮೇಲೆ ಮಟ್ಟಸವಾದ ಮಣ್ಣಿನ ಮಾಡು, ಮಧ್ಯೆ ಗಾಜು ಕೂರಿಸಿದ ಒಂದು ಬೆಳಕಿಂಡಿ. ಸುತ್ತಲೂ ಕೊಬ್ಬರಿ ಚೀಲ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಗಾಳಿಯ ಸದ್ದು ಬರದಂತೆ ಬಾಗಿಲಿಗೂ ಕಿಟಕಿಗೂ ಅಣ್ಣ ತಂದ ಕಂಬಳಿಗಳನ್ನು ಎರಡೆರಡು ಪದರ ಇಳಿಬಿಟ್ಟೆವು. ಇಪ್ಪತ್ತೆರಡು ಕಂಬಳಿ, ಎಲ್ಲ ಯಗಟಿಯ ಕುರಿಗಾರರವು. ಸಾಹೇಬರು ಒಳಗೆ ಬಂದು ಮೂಗು ಮುಚ್ಚಿಕೊಂಡರು. ಆಮೇಲೆ ಒಂದು ಸಲ ಕೆಮ್ಮಿ ಕೇಳಿ, ಪುಣೆಯಲ್ಲೂ ಇಂಥ ಕೋಣೆ ಸಿಗಲಿಲ್ಲ ಎಂದರು. ಬಾಯಿಯವರದು ಒಂದೇ ಷರತ್ತು. ಬೆಳಕಿಂಡಿ ಮುಚ್ಚಬಾರದು, ಅದರೊಳಗಿಂದ ತಮಗೆ ಆಕಾಶ ಕಾಣುತ್ತಿರಬೇಕು.

ತರೀಕೆರೆಯಿಂದ ಬರುವಾಗ ಒಂದು ತಟ್ಟೆ ಸೀಳು ಬಿಟ್ಟಿತ್ತು. ಉಳಿದದ್ದು ಮೂರು. ಆಕಾಶ ನಾನು ಹೇಳಿದಂತೆಯೇ ಕವಿದಿತ್ತು. ಮೊದಲ ತಟ್ಟೆಯಲ್ಲಿ ಎಲ್ಲ ಸರಿಯಾಗಿ ಬಂದು, ಇನ್ನೇನು ಮುಗಿಯಿತು ಎನ್ನುವಾಗ ಬಾಯಿಯವರಿಗೆ ಕೆಮ್ಮು ಬಂತು. ಹೋಗಲಿ ಎಂದು ಎರಡನೆಯದಕ್ಕೆ ಕೂತೆವು. ಹಾಡಿನ ಮೊದಲ ಭಾಗವಾದ ಸ್ಥಾಯಿ ಮುಗಿದು ಅಂತರಾಕ್ಕೆ, ಎಂದರೆ ಎರಡನೆಯ ಭಾಗಕ್ಕೆ, ಕಾಲಿಡುವ ಹೊತ್ತಿಗೆ ನೆಲದ ಮೇಲೆ ಹಳದಿ ಬಿಸಿಲು ಬಿತ್ತು. ಮೇಲೆ ಮೋಡ ಒಡೆದಿತ್ತು. ಬಾಯಿಯವರು ಆ ಬಿಸಿಲನ್ನು ನೋಡಿದರು. ನಡುಸ್ವರದಲ್ಲೇ ಬಾಯಿ ಮುಚ್ಚಿದರು.

ಸಾಹೇಬರು ಪರದೆಯಾಚೆಯಿಂದ ಬಂದಾಗ ಅವರ ಮುಖ ಕೆಂಪಾಗಿತ್ತು. ಒಂದೇ ತಟ್ಟೆ, ಅರ್ಧ ಗಂಟೆ, ಆಮೇಲೆ ತಾವು ಹೊರಡುವುದೇ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನು ಬಾಯಿಯವರಿಗೆ ತಿಳಿಸಲಿಲ್ಲ. ಹೊರಗೆ ಬಂದು ನೋಡಿದರೆ ಪಡುವಲು ಮೂರು ಗೇಣು ನೀಲಿ ಬಿಚ್ಚಿಕೊಂಡಿತ್ತು. ಒಂದು ಗಂಟೆ ಕಾದರೂ ಮುಚ್ಚುವ ಲಕ್ಷಣ ಇರಲಿಲ್ಲ. ಆ ಕ್ಷಣ ನನಗೆ ಕಂಡದ್ದು ಎರಡೇ. ಇವತ್ತು ಬಿಟ್ಟರೆ ಈ ಚೀಜು ಹೋಯಿತು. ಇವತ್ತು ಬಿಡುವುದಿಲ್ಲ.

ಒಳಗೆ ಹೋಗಿ, ಮೋಡ ಬರುತ್ತಾ ಇದೆ ಬಾಯಿಯವರೇ, ಇನ್ನು ಐದು ನಿಮಿಷ, ತಂಬೂರಿ ಶ್ರುತಿ ಮಾಡಿಕೊಳ್ಳಿ ಎಂದೆ. ಜೀವನದಲ್ಲಿ ಅಷ್ಟು ಸಲೀಸಾಗಿ ಯಂತ್ರವನ್ನೂ ಮಾರಿರಲಿಲ್ಲ. ಅಣ್ಣನ ತೋಳು ಹಿಡಿದೆಳೆದುಕೊಂಡು, ಗಾಡಿಯಲ್ಲಿ ಉಳಿದಿದ್ದ ಒಂದು ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡು, ಏಣಿ ಹತ್ತಿ ಮಾಳಿಗೆಗೆ ಹೋದೆ. ಬೆಳಕಿಂಡಿಯ ಮೇಲೆ ಕಂಬಳಿ ಹರಡಿದೆವು. ಗಾಳಿ ಅದನ್ನು ಕಿತ್ತುಕೊಂಡು ಹೋಗಲು ನೋಡಿತು. ಎರಡು ಮೂಲೆಯನ್ನು ನಾನು ಮೊಣಕಾಲಲ್ಲಿ ಒತ್ತಿದೆ, ಎರಡು ಮೂಲೆಯ ಮೇಲೆ ಅಣ್ಣ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಆಗ ಸಂಗತಿ ಅರ್ಥವಾಯಿತು.

"ಇಷ್ಟ್ ದಿನ ಮೋಡ ತೋರಿಸಿ ನಮಗೆ ಮೋಸ ಮಾಡ್ತಿದ್ದಿದ್ದು ಆಕಾಶ ಒಂದೇ ಅಂದ್ಕೊಂಡಿದ್ದೆ ಕಣೋ," ಎಂದ. "ನೀನೂ ಶುರು ಹಚ್ಕೊಂಡ್ಯಾ?"

ಸುಮ್ಮನಿರು ಎಂದು ಸನ್ನೆ ಮಾಡಿದೆ. ಕೆಳಗೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ತಂಬೂರಿ, ಅದರ ಹಿಂದೆ ದನಿ. ಬೆನ್ನ ಮೇಲೆ ಚುರುಚುರು ಬಿಸಿಲು, ಎದೆಯ ಕೆಳಗೆ ಮಣ್ಣಿನ ಮಾಡಿನಾಚೆ ಮಲ್ಹಾರ್. ಮಂದ್ರದಲ್ಲಿ ಎರಡು ನಿಷಾದಗಳು ಒಂದರ ಪಕ್ಕ ಒಂದು ಉರುಳಿ ಷಡ್ಜಕ್ಕೆ ಬಂದು ನಿಂತಾಗ ನನಗೆ ಗುಡುಗಿನ ನೆನಪಾಯಿತು. ಅಂತರಾ ದಾಟಿತು. ಕೆಮ್ಮು ಬರಲಿಲ್ಲ. ಮುಗಿದ ಮೇಲೆ ಸಾಹೇಬರು ಬಾಗಿಲ ಕಂಬಳಿ ಸರಿಸಿ ಹೊರಗೆ ಬಂದು, ಮಾಳಿಗೆಯ ಮೇಲಿದ್ದ ನಮ್ಮಿಬ್ಬರನ್ನೂ ನೋಡಿ, ಹ್ಯಾಟು ತೆಗೆದರು. ನಾನು ಅಣ್ಣನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಗೆದ್ದೆ ಎಂದುಕೊಂಡಿದ್ದೆ.

ರೆಕಾರ್ಡು ಅಚ್ಚಾಗಿ ಬಂದದ್ದು ಮರುವರ್ಷ ಜನವರಿಯಲ್ಲಿ. ನನ್ನ ಪಾಲಿಗೆ ನಲವತ್ತು ಪ್ರತಿ ಬಂತು. ಮೊದಲನೆಯದನ್ನು ಯಂತ್ರದ ಸಮೇತ ತರೀಕೆರೆಗೆ ಒಯ್ದೆ. ಬಾಯಿಯವರು ಅದನ್ನು ಕೈಯಲ್ಲಿ ಹಿಡಿದು, ಸೆರಗಿನಿಂದ ಒರೆಸಿ, ವಾಪಸು ಕೊಟ್ಟರು. ಆಷಾಢಕ್ಕೆ ತಂದು ಕೇಳಿಸು ಎಂದರು. ಕೇಳುವುದಕ್ಕೂ ಕಾಲ ಬೇಕೇ ಎಂದು ವಾದಿಸಿದೆ. ಅವರು ಅವಲಕ್ಕಿ ಕೊಟ್ಟು ಕಳಿಸಿದರು.

ಅಷ್ಟರಲ್ಲಿ ಉಳಿದ ಮೂವತ್ತೊಂಬತ್ತು ಪ್ರತಿಯೂ ಖರ್ಚಾದವು. ತಿಳಿದವರು ಕೇಳಿ ತಲೆದೂಗಿದರು. ಎಲ್ಲರೂ ಮೆಚ್ಚಿದ್ದು ಒಂದೇ ಜಾಗವನ್ನು, ಅಂತರಾದಿಂದ ಇಳಿಯುವಾಗ ಬರುವ ಗಾಂಧಾರ ಸ್ವರವನ್ನು. ಅಲ್ಲಿ ದನಿ ಸಣ್ಣಗೆ ಕಂಪಿಸುತ್ತಿತ್ತು. ಅಜ್ಜಂಪುರದ ಒಬ್ಬ ವಕೀಲರು ಅದಷ್ಟನ್ನೇ ಮತ್ತೆ ಮತ್ತೆ ಕೇಳಿ, ಏನು ಭಾವ ಕಣ್ರೀ ಎಂದು ಕಣ್ಣೊರೆಸಿಕೊಂಡಿದ್ದರು. ನಾನೂ ಮೀಸೆ ತಿರುವಿದೆ.

೧೯೨೪ರ ಆಷಾಢದಲ್ಲಿ ತರೀಕೆರೆಗೆ ಹೋದೆ. ತಗಡಿನ ಮೇಲೆ ಮಳೆ ಜೋರಾಗಿತ್ತು. ಅದು ಇಳಿಯುವವರೆಗೆ ಕಾದು ಯಂತ್ರಕ್ಕೆ ಕೀಲಿ ಕೊಟ್ಟೆ. ಬಾಯಿಯವರು ಸೂಜಿಯ ಮೇಲೆ ಕಣ್ಣಿಟ್ಟು ಕೊನೆಯವರೆಗೂ ಅಲ್ಲಾಡದೆ ಕೂತರು. ಇನ್ನೊಂದು ಸಲ ಹಾಕು ಎಂದರು. ಎರಡನೆಯ ಸಲ ಗಾಂಧಾರ ಬಂದಾಗ ಬೆರಳೆತ್ತಿದರು. ನಾನು ಸೂಜಿ ಎತ್ತಿದೆ.

"ಇಲ್ಲಿ ಏನು ಕೇಳಸ್ತದ ನಿನಗ?"

ಊರೆಲ್ಲ ಹೇಳಿದ್ದನ್ನೇ ಹೇಳಿದೆ, ಭಾವ ಎಂದು.

"ಭಾವ ಅಲ್ಲ ತಮ್ಮಾ, ಹೆದರಿಕಿ. ಮಲ್ಹಾರದ ಗಾಂಧಾರ ತೊಟ್ಟಿಲ ಹಾಂಗ ತೂಗಬೇಕು. ನಡುಗಬಾರದು."

ಒಂದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ತೊದಲುತ್ತಾ ಹೇಳಿದೆ. ಬಿಸಿಲು, ಕಂಬಳಿ, ಅಣ್ಣ, ಕೊನೆಯ ತಟ್ಟೆ, ಕಂಪನಿಯ ಕಾಗದದ ಕೊನೆಯ ವಾಕ್ಯ, ಎಲ್ಲವನ್ನೂ.

"ಗೊತ್ತದ," ಎಂದರು. "ಮೋಡ ಬಂದ್ರ ಬೆಳಕಿಂಡಿ ಬೂದಿ ಬಣ್ಣ ಆಗತದ. ಅವತ್ತು ಕರ್ರಗ ಆಗಿತ್ತು."

ಗೊತ್ತಿದ್ದೂ ಏಕೆ ಹಾಡಿದಿರಿ ಎಂದು ಕೇಳಿದೆ. ಆಗ ಮಗಳ ವಿಷಯ ಹೇಳಿದರು. ಅವಳಿಗೂ ಈ ಚೀಜನ್ನು ಮಳೆಗಾಲದಲ್ಲಿ ಮಾತ್ರ ಕಲಿಸುತ್ತಿದ್ದರಂತೆ. ವರ್ಷಕ್ಕೆ ಮೂರು ನಾಲ್ಕು ತಿಂಗಳ ಪಾಠ, ಏಳು ಮಳೆಗಾಲ. ಸ್ಥಾಯಿ ಪೂರ್ತಿ ಬಂದಿತ್ತು, ಅಂತರಾ ಅರ್ಧ. ಹದಿನೆಂಟನೆಯ ಇಸವಿಯ ದಸರೆಯ ಹೊತ್ತಿಗೆ ಮೋಡ ಹೋಯಿತು. ಅವ್ವಾ, ಇನ್ನು ಎರಡೇ ಸಾಲು, ಮುಗಿಸಿಬಿಡೋಣ ಎಂದು ಹುಡುಗಿ ಕೇಳಿದಳು. ಮುಂದಿನ ಮಳೆಗಾಲಕ್ಕೆ ಎಂದರು ಇವರು. ದೀಪಾವಳಿಗೆ ಅವಳಿರಲಿಲ್ಲ.

"ಒಮ್ಮೆ ನೇಮ ಹಿಡದು ಕಳಕೊಂಡೆ. ಎರಡನೇ ಸಲ ಬ್ಯಾಡ ಅಂತ ಬಾಯಿ ಬಿಟ್ಟೆ," ಎಂದರು. "ಆದ್ರ ನೀ ನನ್ನ ಕೇಳಬೇಕಿತ್ತು ತಮ್ಮಾ. ಬಿಸಿಲು ಬಂದದ, ಇದೊಂದೇ ತಟ್ಟಿ ಉಳದದ, ಏನು ಮಾಡತೀರಿ ಅಂತ ಕೇಳಿದ್ರ, ಆ ಬಿಸಿಲಾಗೇ ಕೂತು ಹಾಡತಿದ್ದೆ. ಮುರದ್ರ ನನ್ನ ಮಾತು ನಾ ಮುರೀತಿದ್ದೆ. ಕದ್ದು ಹಾಡಿದ್ದಕ್ಕ ನಡುಗಿತು."

ನನಗೆ ತಲೆ ಎತ್ತಲಾಗಲಿಲ್ಲ. ನಾಚಿಕೆ ಎಂದರೆ ಏನೆಂದು ಅವತ್ತು ತಿಳಿಯಿತು. ಅವರ ಚೀಜನ್ನು ಉಳಿಸಲು ಹೊರಟವನ ಕಳ್ಳತನ ಎಲ್ಲ ಪ್ರತಿಗಳಲ್ಲೂ ಅಚ್ಚಾಗಿ, ಜನರ ಮನೆಯಲ್ಲಿ ಭಾವ ಎಂದು ಮೆರೆಯುತ್ತಿತ್ತು. ಕಾಲಿಗೆ ಬಿದ್ದೆ. ಅವರು, ಏಳು, ಅದರಿಂದ ಗಾಂಧಾರ ಸರಿಯಾಗೂದಿಲ್ಲ, ಸಾಹೇಬನ್ನ ಮತ್ತೊಮ್ಮೆ ಕರೆಸು ಎಂದರು.

ಕಂಪನಿಗೆ ಬರೆದೆ. ಒಂದು ಹಾಡಿಗೆ ಒಂದು ರೆಕಾರ್ಡು ಸಾಕು ಎಂದು ಉತ್ತರ ಬಂತು. ಮತ್ತೆ ಬರೆದೆ, ಉತ್ತರವೇ ಬರಲಿಲ್ಲ. ಬಾಯಿಯವರಿಗೆ ಅದನ್ನು ಹೇಳಿದಾಗ, ಈ ಸಲ ಒಂದು ವಾಕ್ಯವನ್ನೂ ಬಿಡದೆ ಓದಿ ಹೇಳಿದಾಗ, ಅವರು ಸ್ವಲ್ಪವೂ ಕುಗ್ಗಲಿಲ್ಲ. ಯಂತ್ರ ಬರದಿದ್ದರೆ ಮನುಷ್ಯರನ್ನು ಕರೆದು ತಾ ಎಂದರು. ಇಮಾಮ್‌ಸಾಬ್ ಮಾಸ್ತರ ಮಗಳು ಜೈನಬಿ, ಗಂಡನನ್ನು ಕಳೆದುಕೊಂಡು ಅಜ್ಜಂಪುರದ ತವರಿಗೆ ಬಂದಿದ್ದವಳು. ತಂದೆಯ ತಬಲಕ್ಕೆ ಕಿವಿಗೊಟ್ಟು ಬೆಳೆದವಳಾದ್ದರಿಂದ ತಾಳ ರಕ್ತದಲ್ಲೇ ಇತ್ತು, ದನಿಯೂ ಇತ್ತು. ನಾನು ಹೇಳಿದಾಗ ಮಾಸ್ತರು ಎರಡು ದಿನ ಯೋಚಿಸಿದರು, ಮೂರನೆಯ ದಿನ ತಾವೇ ಅವಳ ಜೊತೆ ಗಾಡಿ ಹತ್ತಿದರು.

ಪಾಠ ಶುರುವಾದದ್ದು ಮರುವರ್ಷ ಮೇ ತಿಂಗಳ ಉರಿ ಬಿಸಿಲಿನಲ್ಲಿ. ಬಾಯಿಯವರು ಅಂಗಳದ ಬಾಗಿಲು ತೆರೆದಿಟ್ಟು, ಬಿಸಿಲಿಗೆ ಎದುರಾಗಿಯೇ ಕೂತರು. ಗುರುವಿನ ಮಾತೇನಾಯಿತು ಎಂದು ಮಾಸ್ತರು ಮೆಲ್ಲಗೆ ಕೇಳಿದರು.

"ಹಾಡೂದಕ್ಕ ಕಾಲ ಅದ ಮಾಸ್ತರ. ಕಲಿಸೂದಕ್ಕ ಇಲ್ಲ," ಎಂದರು. "ಇದನ್ನ ತಿಳಿಯೂದಕ್ಕ ನನ್ನ ಮಗಳ ಹೋಗಬೇಕಾತು."

ಜೈನಬಿ ವಾರಕ್ಕೆರಡು ಸಲ ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆಗೆ ಬಂದು ಹೋಗುತ್ತಿದ್ದಳು. ಬೇಸಿಗೆ ಕಳೆಯಿತು, ಚಳಿ ಕಳೆಯಿತು, ಪಾಠ ಒಂದು ವಾರವೂ ನಿಲ್ಲಲಿಲ್ಲ. ಮಗಳಿಗೆ ಏಳು ಮಳೆಗಾಲ ಸಾಲದ್ದು ಇವಳಿಗೆ ಹದಿನಾಲ್ಕು ತಿಂಗಳಲ್ಲಿ ಬಂತು. ೧೯೨೬ರ ಆಷಾಢದಲ್ಲಿ, ಮೋಡ ಕಪ್ಪಗೆ ಇಳಿದಿದ್ದ ಒಂದು ಮಧ್ಯಾಹ್ನ, ಅವಳು ಆ ಚೀಜನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಕೇಳಲು ನಾವು ಮೂವರೇ. ನಡುವೆ ತಗಡಿನ ಮೇಲೆ ಮಳೆ ಬಂತು, ಯಾರೂ ಲೆಕ್ಕಿಸಲಿಲ್ಲ. ಅಂತರಾ ಮುಗಿದು ಅವಳು ಕೆಳಗಿಳಿದಳು. ಗಾಂಧಾರ ತೂಗಿತು. ಬಾಯಿಯವರು ನನ್ನ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ಒಮ್ಮೆ ನೋಡಿದರು, ಅಷ್ಟೆ. ಅವರು ಮತ್ತೆ ಮೂರು ವರ್ಷ ಬದುಕಿದ್ದರು. ಜೈನಬಿ ಆಮೇಲೆ ಐದು ಜನಕ್ಕೆ ಕಲಿಸಿದಳು.

ನಾನು ಇನ್ನೂ ಇಪ್ಪತ್ತೆರಡು ವರ್ಷ ಅದೇ ಕೆಲಸದಲ್ಲಿದ್ದೆ. ಮೈಕು ಬಂತು, ಮೇಣದ ತಟ್ಟೆ ಹೋಯಿತು, ಸಾಹೇಬರ ಜಾಗಕ್ಕೆ ನಮ್ಮವರೇ ಬಂದರು. ಹಟ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಟ್ಟಿಲ್ಲ. ಹಟವಿಲ್ಲದೆ ಈ ಕೆಲಸ ಆಗುವುದಿಲ್ಲ. ಆದರೆ ಇನ್ನೊಬ್ಬರ ಮಾತನ್ನು ಅವರಿಗೆ ತಿಳಿಯದಂತೆ ಮುರಿಯುವ ಹಕ್ಕು ಎಂಥ ಒಳ್ಳೆಯ ಉದ್ದೇಶಕ್ಕೂ ಇಲ್ಲ. ಅಂದಿನಿಂದ ಯಾರನ್ನೇ ಹಾಡಲು ಕೂರಿಸಲಿ, ಉಳಿದಿರುವುದು ಎಷ್ಟು, ಹೊತ್ತು ಎಷ್ಟಿದೆ, ಹೊರಗೆ ಏನಾಗುತ್ತಿದೆ, ಎಲ್ಲವನ್ನೂ ಮೊದಲೇ ಹೇಳಿ, ಹಾಡುತ್ತೀರಾ ಎಂದು ಕೇಳುತ್ತಿದ್ದೆ. ಕೆಲವರು ಕೇಳಿ ಎದ್ದು ಹೋಗಿದ್ದಾರೆ, ಅದಕ್ಕಾಗಿ ಬೈಸಿಕೊಂಡಿದ್ದೇನೆ. ಕೂತು ಹಾಡಿದವರ ದನಿ ಮಾತ್ರ ನನ್ನ ದೆಸೆಯಿಂದ ಇನ್ನೊಮ್ಮೆ ನಡುಗಲಿಲ್ಲ.